ಎಲ್ ಆಕಾರದ ಹಜಾರದಲ್ಲಿ ಸರೌಂಡ್ ಧ್ವನಿ

ಚಿತ್ರಮಂದಿರದಲ್ಲಿ ಮಳೆಯ ದೃಶ್ಯ ಬಂದಾಗ ಸುತ್ತಲೂ ಮಳೆ ಸುರಿದಂತೆ ನಿಮಗೆ ಅನ್ನಿಸಿರಬಹುದು. ಅದೇ ಚಿತ್ರವನ್ನು ಮನೆಯಲ್ಲಿ ಐದು ಸ್ಪೀಕರುಗಳ ಸೆಟ್ಟಿನಲ್ಲಿ ಕೇಳಿದರೆ ಮಳೆಯೆಲ್ಲ ಎಡಗಿವಿಯ ಬಳಿಯೇ ಸುರಿಯುವುದುಂಟು. ಸಾವಿರಾರು ರೂಪಾಯಿ ಕೊಟ್ಟು ತಂದ ಸೆಟ್ಟು ಕೆಟ್ಟಿದೆಯೆಂದು ತೀರ್ಮಾನಿಸುವ ಮೊದಲು ಸ್ಪೀಕರುಗಳನ್ನು ಇಟ್ಟಿರುವ ಜಾಗವನ್ನು ನೋಡಬೇಕು. ನಮ್ಮ ಅನೇಕ ಮನೆಗಳಲ್ಲಿ ಹಜಾರವೂ ಊಟದ ಜಾಗವೂ ಸೇರಿ ಇಂಗ್ಲಿಷಿನ ‘ಎಲ್’ ಅಕ್ಷರದ ಆಕಾರವಾಗಿರುತ್ತದೆ. ಸೋಫಾದ ಎಡಕ್ಕೆ ಗೋಡೆ, ಬಲಕ್ಕೆ ಬಯಲು. ಇಂಥ ಕಡೆ ಏನು ಮಾಡಬೇಕು?

ಮೊದಲು, ಶಬ್ದ ಬಂದ ದಿಕ್ಕು ನಮಗೆ ಹೇಗೆ ತಿಳಿಯುತ್ತದೆ ಎಂಬುದನ್ನು ನೋಡೋಣ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಎಡದಿಂದ ಬಂದ ಶಬ್ದ ಎಡಗಿವಿಯನ್ನು ಮೊದಲು ಮುಟ್ಟಿ, ಬಲಗಿವಿಯನ್ನು ತುಸು ತಡವಾಗಿ ಮುಟ್ಟುತ್ತದೆ. ಈ ವ್ಯತ್ಯಾಸ ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ. ಮಿದುಳಿಗೆ ಅಷ್ಟೇ ಸಾಕು. ಒಂದೇ ಶಬ್ದ ಎರಡು ಕಡೆಯಿಂದ ಕೆಲವೇ ಮಿಲಿಸೆಕೆಂಡುಗಳ ಅಂತರದಲ್ಲಿ ಬಂದರೆ, ಮೊದಲು ಬಂದ ದಿಕ್ಕಿನಿಂದಲೇ ಎಲ್ಲವೂ ಬಂದಂತೆ ತೋರುತ್ತದೆ. ಇದನ್ನು 1949ರಲ್ಲಿ ವಿವರವಾಗಿ ಪರಿಶೀಲಿಸಿದವರು ಜರ್ಮನಿಯ ಹೆಲ್ಮುಟ್ ಹಾಸ್. ಆದ್ದರಿಂದ ಇದಕ್ಕೆ ‘ಹಾಸ್ ಪರಿಣಾಮ’ ಎಂಬ ಹೆಸರು ಬಂದಿದೆ.

ಈಗ ಹಜಾರದ ಲೆಕ್ಕ ಮಾಡಿ. ಎಡಗೋಡೆಯ ಸ್ಪೀಕರ್ ನಿಮ್ಮಿಂದ 1 ಮೀಟರ್ ದೂರದಲ್ಲಿದೆ. ಬಲಗಡೆಯದು ಊಟದ ಜಾಗದ ಆಚೆ ಗೋಡೆಯಲ್ಲಿ, 4 ಮೀಟರ್ ದೂರದಲ್ಲಿದೆ. ಹೆಚ್ಚುವರಿ 3 ಮೀಟರನ್ನು 343ರಿಂದ ಭಾಗಿಸಿದರೆ ಸುಮಾರು 9 ಮಿಲಿಸೆಕೆಂಡು ಬರುತ್ತದೆ. ಎಡದ ಶಬ್ದ ಅಷ್ಟು ಮೊದಲೇ, ಅದೂ ಹೆಚ್ಚು ಜೋರಾಗಿ ಬರುತ್ತದೆ. ಮಳೆ ಎಡಕ್ಕೆ ವಾಲಿದ್ದು ಇದರಿಂದಲೇ.

ಪರಿಹಾರವೇನು? ಗೋಡೆಗಳನ್ನು ಮರೆತು, ಕೂರುವ ಜಾಗದಿಂದ ಅಳತೆ ಆರಂಭಿಸಿ. ಗ್ರಾಫ್ ಹಾಳೆಯ ಮೇಲೆ 1 ಮೀಟರಿಗೆ 4 ಸೆಂಟಿಮೀಟರಿನಂತೆ ಹಜಾರದ ನಕ್ಷೆ ಬರೆದು, ಕೂರುವ ಜಾಗದಲ್ಲಿ ಕೋನಮಾಪಕ ಇಡಿ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಂತೆ ಮಧ್ಯದ ಸ್ಪೀಕರ್ ನೇರ ಎದುರಿಗೆ, ಮುಂದಿನ ಎರಡು ಸ್ಪೀಕರುಗಳು ಅದರಿಂದ ಎಡಬಲಕ್ಕೆ 30 ಡಿಗ್ರಿಗಳಲ್ಲಿ, ಸರೌಂಡ್ ಸ್ಪೀಕರುಗಳು 100ರಿಂದ 120 ಡಿಗ್ರಿಗಳ ನಡುವೆ, ಅಂದರೆ ಕಿವಿಗಳಿಗಿಂತ ತುಸು ಹಿಂದೆ ಇರಬೇಕು. ಎಲ್ಲವೂ ಒಂದೇ ದೂರದಲ್ಲಿದ್ದರೆ ಉತ್ತಮ. ವಕ್ರ ಕೋಣೆಯಲ್ಲಿ ಅದು ಸಾಧ್ಯವಾಗದಿದ್ದರೆ ದೂರವನ್ನು ಬಿಟ್ಟುಕೊಡಿ, ಕೋನವನ್ನು ಬಿಡಬೇಡಿ. ಏಕೆಂದರೆ ಇಂದಿನ ಸರೌಂಡ್ ಆಂಪ್ಲಿಫೈಯರುಗಳಲ್ಲಿ ಪ್ರತಿ ಸ್ಪೀಕರಿನ ದೂರವನ್ನು ನಮೂದಿಸಿದರೆ, ಹತ್ತಿರದ ಸ್ಪೀಕರಿನ ಶಬ್ದವನ್ನು ಯಂತ್ರವೇ ತಕ್ಕಷ್ಟು ತಡಮಾಡುತ್ತದೆ. ಜೋರನ್ನೂ ಸರಿಹೊಂದಿಸಬಹುದು. ಆದರೆ ತಪ್ಪು ದಿಕ್ಕಿನಲ್ಲಿಟ್ಟ ಸ್ಪೀಕರನ್ನು ಸಾಮಾನ್ಯ ಆಂಪ್ಲಿಫೈಯರ್ ಸರಿಪಡಿಸಲಾರದು.

ಆದ್ದರಿಂದ ಬಲಗಡೆಯ ಸರೌಂಡ್ ಸ್ಪೀಕರನ್ನು ಆಚೆ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಬೇಕಾಗಿಲ್ಲ. ಸರಿಯಾದ ಕೋನದಲ್ಲಿ ಒಂದು ಸ್ಟ್ಯಾಂಡಿನ ಮೇಲೆ, ಕೂತವರ ಕಿವಿಗಿಂತ ತುಸು ಎತ್ತರದಲ್ಲಿ ಇಡಿ. ಜನ ಓಡಾಡುವ ದಾರಿಯಾದರೆ ಛಾವಣಿಯಿಂದ ಭದ್ರವಾಗಿ ತೂಗುಹಾಕಿ. ಸೋಫಾ ಹಿಂಗೋಡೆಗೆ ತಾಗಿದ್ದರೆ ಮುಂದಕ್ಕೆ, ಎಡಗೋಡೆಗೆ ತೀರ ಹತ್ತಿರವಿದ್ದರೆ ಬಲಕ್ಕೆ ಎಳೆಯಿರಿ.

ಇನ್ನು ಉಳಿದದ್ದು ಪ್ರತಿಫಲನ. ಮುಂದಿನ ಎಡ ಸ್ಪೀಕರಿನ ಶಬ್ದ ಎಡಗೋಡೆಗೆ ಬಡಿದು ನಿಮ್ಮತ್ತ ಬರುತ್ತದೆ. ಬಲಗಡೆ ಹಾಗಿಲ್ಲ. ಗೆಳೆಯನೊಬ್ಬ ಗೋಡೆಗುಂಟ ಕನ್ನಡಿಯನ್ನು ಸರಿಸುತ್ತಾ ಹೋಗಲಿ. ಕೂತಲ್ಲಿಂದ ಆ ಸ್ಪೀಕರ್ ಕನ್ನಡಿಯಲ್ಲಿ ಕಂಡ ಜಾಗವೇ ಶಬ್ದ ಬಡಿಯುವ ಜಾಗ. ಅಲ್ಲಿ ದಪ್ಪ ಪರದೆ ಇಳಿಬಿಡಿ, ಇಲ್ಲವೇ ಪುಸ್ತಕದ ಕಪಾಟು ಇಡಿ. ಸಂಭಾಷಣೆ ಸ್ಪಷ್ಟವಾಗುತ್ತದೆ.

ಕೊನೆಗೆ ಪರೀಕ್ಷೆ. ಕಣ್ಣು ಮುಚ್ಚಿ ಕುಳಿತು, ಆಂಪ್ಲಿಫೈಯರಿನ ಪರೀಕ್ಷಾ ಶಬ್ದವನ್ನು ಒಂದೊಂದೇ ಸ್ಪೀಕರಿನಿಂದ ಹೊರಡಿಸಲು ಗೆಳೆಯನಿಗೆ ಹೇಳಿ. ಶಬ್ದ ಬಂದತ್ತ ಬೆರಳು ತೋರಿಸಿ, ಆಮೇಲೆ ಕಣ್ಣು ತೆರೆಯಿರಿ. ಐದೂ ಸಲ ಬೆರಳು ಸ್ಪೀಕರಿನತ್ತಲೇ ಇದ್ದು, ಐದರ ಜೋರೂ ಒಂದೇ ಸಮನಾಗಿ ಕೇಳಿಸಿದರೆ ಇನ್ನು ಮಳೆಯ ದೃಶ್ಯ ಹಾಕಬಹುದು.