ಒಳ್ಳೆ ಕಾಳು ಮೊದಲು ಮನೆಗೆ: ಶೇಂಗಾ ಬೆಣ್ಣೆ, ಸಪೋಟದ ಬಿಸ್ಕೆಟ್

ನಮ್ಮದು ಚಳ್ಳಕೆರೆ ಸೀಮೆ. ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದರೆ ಪುಣ್ಯ. ಐದು ಎಕರೆ ಕೆಂಪು ನೆಲ, ಬೋರ್‌ವೆಲ್ ಇಲ್ಲ. ಮುಂಗಾರಿಗೆ ಶೇಂಗಾ, ನಡುವೆ ತೊಗರಿ ಸಾಲು, ಒಂದು ಮೂಲೆಯಲ್ಲಿ ಮನೆಗಾಗುವಷ್ಟು ರಾಗಿ. ಬದುವಿನ ಮೇಲೆ ಮೂರು ಸಪೋಟ ಮರ. ಇಂಥ ಮನೆಯವರು ಬಿಸ್ಕೆಟ್ ಸುಡುವ ಮಾತು ಬರೆದರೆ ಓದುಗರು ನಗಬಹುದು. ನಾನೂ ಮೊದಲು ನಕ್ಕವನೇ. ಆದರೆ ಈ ಬಿಸ್ಕೆಟ್ಟು ನನಗೆ ಬೇಸಾಯದ ಒಂದು ತಪ್ಪನ್ನು ತೋರಿಸಿಕೊಟ್ಟಿತು. ಅದಕ್ಕೇ ಬರೆಯುತ್ತಿದ್ದೇನೆ.

2022 ನಮ್ಮ ಕಡೆಯವರಿಗೆ ಮರೆಯೋ ವರ್ಷ ಅಲ್ಲ. ವಾಣಿವಿಲಾಸ ಸಾಗರ 89 ವರ್ಷದ ಮೇಲೆ ಕೋಡಿ ಬಿದ್ದ ವರ್ಷ. ಊರವರೆಲ್ಲ ಲಾರಿ, ಟ್ರ್ಯಾಕ್ಟರ್ ಕಟ್ಟಿಕೊಂಡು ನೀರು ನೋಡಲು ಹೋದರು. ಅದೇ ಮಳೆ ನಮ್ಮ ಶೇಂಗಾ ಕೀಳೋ ಹೊತ್ತಿಗೂ ಬಿಡಲಿಲ್ಲ. ಕಿತ್ತ ಬಳ್ಳಿ ಹೊಲದಲ್ಲೇ ನೆನೆಯಿತು. ಎರಡು ದಿನ ಬಿಸಿಲು, ಮತ್ತೆ ಮಳೆ. ಹೇಗೋ ಕಾಯಿ ಬಿಡಿಸಿ ಕಣಕ್ಕೆ ತಂದ್ವಿ. ಒಳ್ಳೆಯದನ್ನೆಲ್ಲ ಆರಿಸಿ ಚೀಲ ತುಂಬಿ ಪೇಟೆಗೆ ಹಾಕಿದೆ. ಕೊಳ್ಳುವವರು ಎರಡು ಚೀಲ ಬೇಡ ಅಂತ ವಾಪಸ್ ಕಳಿಸಿದರು. ಕಾಯಿ ಕಪ್ಪಾಗಿದೆ ಅಂದರು. ನಾನು ಅದನ್ನು ತಂದು ಅಟ್ಟದ ಮೇಲೆ ಹಾಕಿ, “ಮನೆಗಾಯ್ತು ಬಿಡು” ಅಂದೆ.

ನಮ್ಮಪ್ಪನೂ ಹಾಗೇ ಮಾಡುತ್ತಿದ್ದ. ಊರಲ್ಲಿ ಎಲ್ಲರೂ ಹಾಗೇ ಮಾಡೋದು. ಒಳ್ಳೇದು ಪೇಟೆಗೆ, ಉಳಿದದ್ದು ಹೊಟ್ಟೆಗೆ.

ಮೊಮ್ಮಗ ಉಗುಳಿದ

ನಮ್ಮ ಸೊಸೆಯ ತವರು ದಾವಣಗೆರೆ. ಅವಳ ತವರುಮನೆ ಪಕ್ಕದಲ್ಲೇ ಬೇಕರಿ. ಚಿಕ್ಕಂದಿನಿಂದ ಅಲ್ಲಿ ನೋಡಿ ಕಲಿತವಳು. ನಾಲ್ಕು ವರ್ಷದ ಮೊಮ್ಮಗ ದಿನಕ್ಕೆ ಐದು ರೂಪಾಯಿ ಪೊಟ್ಟಣ ಎರಡಾದರೂ ಬೇಕು ಅಂತ ಹಟ ಮಾಡುತ್ತಿದ್ದ. “ಮಾವ, ಮನೇಲಿ ಶೇಂಗಾ ಐತೆ, ರಾಗಿ ಐತೆ. ನಾನೇ ಮಾಡ್ತೀನಿ” ಅಂದಳು. ಅಟ್ಟದ ಮೇಲಿನ ಕಾಯಿ ಇಳಿಸಿ ಕೊಟ್ಟೆ.

ಬಿಸ್ಕೆಟ್ ನೋಡಲು ಚೆನ್ನಾಗೇ ಬಂತು. ಹುಡುಗ ಒಂದು ಕಚ್ಚಿ ಉಗುಳಿಬಿಟ್ಟ. “ಕಹಿ ತಾತಾ” ಅಂದ. ನನಗೆ ಸಿಟ್ಟು ಬಂತು. ಅನ್ನ ಉಗುಳಬಾರದು, ಅಂಗಡಿ ರುಚಿ ಹತ್ತಿದೆ ಅಂತ ಗದರಿದೆ. ಸೊಸೆ ಎದುರು ಮಾತಾಡಲಿಲ್ಲ. ಉಳಿದ ಕಾಳನ್ನು ಬಿಳಿ ಪಂಚೆ ಮೇಲೆ ಹರವಿ ಬೆಳಕಿಗಿಟ್ಟಳು. “ನೀವೇ ನೋಡಿ ಮಾವ” ಅಂದಳು. ಹತ್ತು ಕಾಳಿಗೆ ಒಂದೆರಡು ಮುರುಟಿದ್ದವು. ಕೆಲವು ಕಾಳು ಬಿಡಿಸಿದರೆ ಬೇಳೆಯ ನಡುವೆ ಹಳದಿ ಹಸಿರು ಬೂಷ್ಟು. ನನ್ನ ಬಾಯಿ ಕಟ್ಟಿತು.

ಮಾರನೇ ದಿನ ಒಂದು ಹಿಡಿ ಕಾಳು ಕಟ್ಟಿಕೊಂಡು ಕೃಷಿ ಅಧಿಕಾರಿಗಳ ಹತ್ತಿರ ಹೋದೆ. ಅವರು ಹೇಳಿದ್ದು ಇಷ್ಟು. ಈ ಬೂಷ್ಟು ಅಫ್ಲಾಟಾಕ್ಸಿನ್ ಅನ್ನೋ ವಿಷ ಬಿಡುತ್ತದೆ. ಬಹಳ ದಿನ ಹೊಟ್ಟೆಗೆ ಹೋದರೆ ಪಿತ್ತಜನಕಾಂಗ ಹಾಳು, ಅಲ್ಲಿ ಕ್ಯಾನ್ಸರ್ ಕೂಡ ಬರಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತ ಮೇಲೆ ಈ ವಿಷ ಪತ್ತೆಯಾಯಿತಂತೆ. ಅವು ತಿಂದದ್ದು ಕೆಟ್ಟ ಶೇಂಗಾ ಹಿಂಡಿ. ಹುರಿದರೂ ಸುಟ್ಟರೂ ಈ ವಿಷ ಪೂರ್ತಿ ಹೋಗದು. ಹಸುವಿಗೆ ಹಾಕಿದರೆ ಹಾಲಿಗೂ ಇಳಿಯುತ್ತದೆ.

ಇನ್ನೊಂದು ಮಾತು ಹೇಳಿದರು. ಅದು ನನ್ನನ್ನು ಹೆಚ್ಚು ಹೆದರಿಸಿತು. ವಿಷಕ್ಕೆ ರುಚಿ ಇಲ್ಲ, ಬಣ್ಣ ಇಲ್ಲ. ಕಹಿ ಬಂದದ್ದು ಕಾಳು ಕೆಟ್ಟಿದ್ದರಿಂದ. ಕಹಿ ಇಲ್ಲದಿದ್ದರೆ ಹುಡುಗ ತಿಂದುಬಿಡುತ್ತಿದ್ದ, ನಾನು ಬೆನ್ನು ತಟ್ಟುತ್ತಿದ್ದೆ. ಎರಡೂ ಚೀಲ ಗುಂಡಿ ತೋಡಿ ಹೂತು ಬಂದೆ.

ಕಣದಲ್ಲೇ ಅರ್ಧ ಕೆಲಸ

ಅವತ್ತಿಂದ ನಮ್ಮ ಮನೆ ಕಟ್ಟಳೆ ಬದಲಾಯಿತು. ರಾಶಿ ಆದ ಕೂಡಲೇ ಮೊದಲು ಮನೆಗೆ ಎರಡು ಚೀಲ ಒಳ್ಳೆ ಕಾಯಿ ಎತ್ತಿಡೋದು, ಆಮೇಲೆ ಪೇಟೆ. ಎತ್ತಿಡೋದಕ್ಕೆ ಮುಂಚೆ ನಾವು ನೋಡಿಕೊಳ್ಳುವುದು ಇವು:

ಕಿತ್ತ ಬಳ್ಳಿಯನ್ನು ಕಾಯಿ ಮೇಲೆ ಬರುವ ಹಾಗೆ ತಿರುವಿ ಹಾಕಬೇಕು. ಕಾಯಿ ನೆಲಕ್ಕೆ ತಾಗಿದರೆ ತೇವ ಬಿಡುವುದಿಲ್ಲ. ಹಸಿ ಬಳ್ಳಿ ಗುಡ್ಡೆ ಹಾಕಿದರೆ ಒಳಗೆ ಕಾವು ಹುಟ್ಟಿ ಬೂಷ್ಟು ಬರುತ್ತದೆ.

ಕಾಯಿ ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಅನ್ನಬೇಕು. ಬೀಜ ಉಜ್ಜಿದರೆ ಸಿಪ್ಪೆ ಬಿಡಬೇಕು. ಇಲಾಖೆಯವರ ಲೆಕ್ಕದಲ್ಲಿ ಬೀಜದಲ್ಲಿ ಶೇ. 8ಕ್ಕಿಂತ ಕಡಿಮೆ ತೇವ ಇರಬೇಕು.

ಗೆದ್ದಲು ತಿಂದ ಕಾಯಿ, ಗುದ್ದಲಿ ತಾಗಿ ಒಡೆದ ಕಾಯಿ ಬೇರೆ ಮಾಡಬೇಕು. ಬೂಷ್ಟು ಒಳಗೆ ಹೋಗುವುದು ಆ ಗಾಯದಿಂದಲೇ. ಕೊನೆಯಲ್ಲಿ ಮಳೆ ಕೈಕೊಟ್ಟು ಒಣಗಿದ ಹೊಲದ ಕಾಯಿಗೂ ಈ ರೋಗ ಜಾಸ್ತಿ. ಹಾಗಾಗಿ ಮಳೆ ಬಾರದ ವರ್ಷವೂ ನಿಶ್ಚಿಂತೆ ಇಲ್ಲ.

ಸುಲಿದ ಮೇಲೆ ಬಿಳಿ ಬಟ್ಟೆ ಮೇಲೆ ಹರವಿ ಮುರುಟಿದ್ದು, ಬಣ್ಣಗೆಟ್ಟದ್ದು, ಬೂಷ್ಟಿನದು ಆರಿಸಬೇಕು. ವಿಷ ಎಲ್ಲ ಕಾಳಿನಲ್ಲೂ ಸಮನಾಗಿ ಇರುವುದಿಲ್ಲ, ಕೆಲವೇ ಕೆಟ್ಟ ಕಾಳಿನಲ್ಲಿ ಗುಂಪಾಗಿರುತ್ತದೆ. ಅದಕ್ಕೇ ಆರಿಸುವ ಕೆಲಸಕ್ಕೆ ಬೆಲೆ. ನಮ್ಮ ಮನೆಯಲ್ಲಿ ಇದು ನನ್ನ ಪಾಲಿನ ಕೆಲಸ. ತಪ್ಪು ಮಾಡಿದವನು ನಾನು ತಾನೆ.

ಶೇಂಗಾ ಬೆಣ್ಣೆ

ಬೆಣ್ಣೆ ಅಂದರೆ ಹಾಲಿನದಲ್ಲ. ಹುರಿದ ಶೇಂಗಾ ಅರೆದಾಗ ಬರುವ ಮುದ್ದೆ. ಶೇಂಗಾದಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಎಣ್ಣೆಯೇ ಇರುವುದರಿಂದ ಹೊರಗಿನ ಎಣ್ಣೆ ಬೇಡ. ಕಾಲು ಭಾಗದಷ್ಟು ಪ್ರೋಟೀನೂ ಇದೆ.

ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಬೇಕು. ದೊಡ್ಡ ಉರಿಯಾದರೆ ಹೊರಗೆ ಕಪ್ಪು, ಒಳಗೆ ಹಸಿ. ಆರಿದ ಮೇಲೆ ಗೋಣಿಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ತೆಗೆಯಬೇಕು. ಮಿಕ್ಸಿಗೆ ಹಾಕಿದರೆ ಮೊದಲು ಪುಡಿ, ಆಮೇಲೆ ಉಂಡೆ ಉಂಡೆ, ಆಮೇಲೆ ಎಣ್ಣೆ ಬಿಟ್ಟು ಮೆತ್ತಗೆ ಆಗುತ್ತದೆ. ಪುಡಿಯಲ್ಲೇ ನಿಲ್ಲಿಸಿ ನೀರು ಹಾಕಬಾರದು. ನಮ್ಮ ಮನೆಯಾಕೆ ಮೊದಲ ಸಲ ಚಟ್ನಿ ಅಂದುಕೊಂಡು ನೀರು ಹಾಕಿದಳು. ಅವತ್ತು ಅದನ್ನು ಚಟ್ನಿಯಾಗಿಯೇ ತಿಂದ್ವಿ. ನಡುನಡುವೆ ಮಿಕ್ಸಿ ನಿಲ್ಲಿಸಿ ಬಿಸಿ ಆರಲು ಬಿಡಬೇಕು, ಇಲ್ಲದಿದ್ದರೆ ಮೋಟರ್ ಸುಡುತ್ತದೆ. ಕರೆಂಟ್ ಇಲ್ಲದ ದಿನ ಒರಳಿನಲ್ಲೂ ಆಗುತ್ತದೆ, ತೋಳು ಗಟ್ಟಿ ಬೇಕು. ಒಣ ಬಾಟಲಿಯಲ್ಲಿಟ್ಟು ಒಣ ಚಮಚ ಬಳಸಿದರೆ ಒಂದು ತಿಂಗಳು ಕೆಡದು. ಎಣ್ಣೆ ಮೇಲೆ ನಿಂತರೆ ಕಲಕಿಕೊಂಡರಾಯ್ತು.

ಹಣ್ಣನ್ನೂ ಒಣಗಿಸಿ

ಎರಡನೇ ಪಾಠ ಹಣ್ಣಿನಿಂದ ಕಲಿತದ್ದು. ಮೊದಲು ಕಳಿತ ಬಾಳೆಹಣ್ಣು ಕಿವುಚಿ ಹಾಕಿದ್ವಿ. ಬಿಸ್ಕೆಟ್ ರುಚಿಯಾಗಿತ್ತು, ಆದರೆ ಮೂರನೇ ದಿನಕ್ಕೆ ಮೆತ್ತಗಾಗಿ ನಾಲ್ಕನೇ ದಿನ ಡಬ್ಬಿಯಲ್ಲಿ ಬೂಷ್ಟು. ಹಸಿ ಹಣ್ಣಿನ ನೀರು ಬಿಸ್ಕೆಟ್ಟಿನ ಒಳಗೇ ಉಳಿದುಬಿಡುತ್ತದೆ. ಅದೇ ದಿನ ತಿಂದು ಮುಗಿಸುವುದಾದರೆ ಬಾಳೆಹಣ್ಣು ಆಗಬಹುದು. ಇಟ್ಟು ತಿನ್ನಲು ಒಣ ಹಣ್ಣೇ ಸರಿ.

ನಮ್ಮಲ್ಲಿ ಸಪೋಟ ಒಮ್ಮೆಲೇ ಹಣ್ಣಾಗಿ ಕೊಳೆಯುತ್ತಿತ್ತು. ಈಗ ಪೂರ್ತಿ ಮಾಗಿದ, ಆದರೆ ಬಿರುಸಾಗಿರುವ ಹಣ್ಣು ಆರಿಸಿ, ಸಿಪ್ಪೆ ಬೀಜ ತೆಗೆದು, ತೆಳ್ಳಗೆ ಹೋಳು ಮಾಡಿ, ತಟ್ಟೆಯಲ್ಲಿಟ್ಟು ಹಳೆ ಸೊಳ್ಳೆಪರದೆ ಮುಚ್ಚಿ ಬಿಸಿಲಿಗೆ ಇಡುತ್ತೇವೆ. ದೋರೆಗಾಯಿ ಹಾಕಬಾರದು, ಅದರ ಹಾಲು ಬಾಯಿ ಒಗರು ಮಾಡುತ್ತದೆ. ರಾತ್ರಿ ಒಳಗೆ ತರಬೇಕು, ಮಂಜಿಗೆ ಮತ್ತೆ ತೇವ ಎಳೆಯುತ್ತದೆ. ಮೂರು ನಾಲ್ಕು ಒಳ್ಳೆ ಬಿಸಿಲಿಗೆ ಚರ್ಮದ ಹಾಗೆ ಬಗ್ಗುವ ಒಣ ಹೋಳು ಸಿಗುತ್ತದೆ. ನಾಲ್ಕೈದು ಕಿಲೋ ಹಣ್ಣಿಗೆ ಒಂದು ಕಿಲೋ. ಸಪೋಟ ಇಲ್ಲದವರು ಒಣ ದ್ರಾಕ್ಷಿ, ಖರ್ಜೂರ ಹಾಕಬಹುದು.

ಅಳತೆ

ಶೇಂಗಾ ಬೆಣ್ಣೆ 250 ಗ್ರಾಂ, ಬೆಲ್ಲದ ಪುಡಿ 150 ಗ್ರಾಂ, ಹುರಿದ ರಾಗಿ ಹಿಟ್ಟು 150 ಗ್ರಾಂ, ಗೋಧಿ ಹಿಟ್ಟು 100 ಗ್ರಾಂ, ಚೂರು ಮಾಡಿದ ಒಣ ಸಪೋಟ 100 ಗ್ರಾಂ, ಅಡಿಗೆ ಸೋಡಾ ಕಾಲು ಚಮಚ, ಚಿಟಿಕೆ ಉಪ್ಪು, ಎರಡು ಏಲಕ್ಕಿ, ಹಾಲು ಮೂರು ನಾಲ್ಕು ದೊಡ್ಡ ಚಮಚ.

ಬರೀ ರಾಗಿ ಹಿಟ್ಟಿನಲ್ಲೇ ಮಾಡಿದರೆ ಕೈಯಲ್ಲಿ ಹಿಡಿದ ಕೂಡಲೇ ಪುಡಿಯಾಗುತ್ತದೆ. ರಾಗಿಗೆ ಗೋಧಿಯ ಹಾಗೆ ಅಂಟು ಇಲ್ಲ. ಅದಕ್ಕೇ ಸ್ವಲ್ಪ ಗೋಧಿ. ಬೆಣ್ಣೆ, ಬೆಲ್ಲ ಮೊದಲು ಚೆನ್ನಾಗಿ ತಿಕ್ಕಬೇಕು. ಹಿಟ್ಟು, ಸೋಡಾ ಬೇರೆ ಜರಡಿ ಹಿಡಿದು ಸೇರಿಸಬೇಕು. ಹಾಲು ಕೊನೆಗೆ, ಚಮಚ ಚಮಚವಾಗಿ. ಹಿಸುಕಿದರೆ ಉಂಡೆ ನಿಲ್ಲಬೇಕು, ಅಷ್ಟು ಸಾಕು. ಜಾಸ್ತಿ ನಾದಿದರೆ ಗಟ್ಟಿಯಾಗುತ್ತದೆ. ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ ಅಂಗೈಯಲ್ಲಿ ತಟ್ಟಿದರೆ 40 ಬಿಸ್ಕೆಟ್ ಆಗುತ್ತವೆ.

ಮರಳಿನ ಒಲೆ

ಓವನ್ ನಮ್ಮಲ್ಲಿ ಇಲ್ಲ. ದಪ್ಪ ತಳದ ಅಗಲ ಡಬರಿಗೆ ಎರಡು ಬೆರಳು ದಪ್ಪ ಜರಡಿ ಹಿಡಿದ ಒಣ ಮರಳು ಹಾಕಿ, ಮೇಲೆ ಕಬ್ಬಿಣದ ಸಿಂಬಿ ಇಟ್ಟು, ಗಟ್ಟಿ ಮುಚ್ಚಳ ಮುಚ್ಚಿ ಕಾಲು ಗಂಟೆ ಕಾಯಿಸುತ್ತೇವೆ. ಕಾವು ತಿಳಿಯಲು ಒಂದು ಬಿಳಿ ಕಾಗದದ ಚೂರು ಒಳಗಿಟ್ಟು ನೋಡಬೇಕು. ಐದು ನಿಮಿಷಕ್ಕೆ ಹೊಂಬಣ್ಣ ಬಂದರೆ ಸರಿ, ಕಪ್ಪಾದರೆ ಉರಿ ಕಡಿಮೆ ಮಾಡಿ. ಆಮೇಲೆ ತುಪ್ಪ ಸವರಿದ ತಟ್ಟೆಯಲ್ಲಿ ಬಿಸ್ಕೆಟ್ ಜೋಡಿಸಿ, ಸಿಂಬಿ ಮೇಲಿಟ್ಟು, ಮುಚ್ಚಳದ ಮೇಲೆ ನಾಲ್ಕು ಕೆಂಡ ಹಾಕಬೇಕು. 20ರಿಂದ 25 ನಿಮಿಷ. ಓವನ್ ಇರುವವರು 170 ಡಿಗ್ರಿಯಲ್ಲಿ ಕಾಲು ಗಂಟೆ ಇಟ್ಟು ನೋಡಲಿ.

ತೆಗೆದಾಗ ಮೆತ್ತಗೇ ಇರುತ್ತದೆ. ಬೆಂದಿಲ್ಲ ಅಂತ ಮತ್ತೆ ಒಳಗಿಟ್ಟು ನಾವು ಎರಡು ತಟ್ಟೆ ಸುಟ್ಟುಕೊಂಡ್ವಿ. ಆರಿದ ಮೇಲೆ ತಾನೇ ಗರಿಗರಿ ಆಗುತ್ತದೆ. ಪೂರ್ತಿ ಆರಿಸಿಯೇ ಡಬ್ಬಿಗೆ ತುಂಬಬೇಕು, ಬಿಸಿ ಇದ್ದರೆ ಬೆವರುತ್ತದೆ. ಬೇಸಿಗೆಯಲ್ಲಿ 15 ದಿನ, ಮಳೆಗಾಲದಲ್ಲಿ ಒಂದು ವಾರ ನಾವು ಇಟ್ಟು ತಿಂದಿದ್ದೇವೆ.

ಲೆಕ್ಕ ಹೇಳುವುದಾದರೆ

2025-26ರ ಹಂಗಾಮಿಗೆ ಸರ್ಕಾರ ಗೊತ್ತು ಮಾಡಿದ ಬೆಂಬಲ ಬೆಲೆ ಶೇಂಗಾ ಕಾಯಿಗೆ ಕ್ವಿಂಟಲ್ಲಿಗೆ 7,263 ರೂಪಾಯಿ. ಅದೇ ಬೆಲೆ ಹಿಡಿದರೆ 250 ಗ್ರಾಂ ಬೆಣ್ಣೆಗೆ ಬೇಕಾದ ಸುಮಾರು 400 ಗ್ರಾಂ ಕಾಯಿಗೆ 30 ರೂಪಾಯಿ ಒಳಗೇ ಆಯಿತು. ಬೆಲ್ಲ, ಹಿಟ್ಟು, ಹಾಲು, ಏಲಕ್ಕಿ ಎಲ್ಲ ಸೇರಿ ಮತ್ತೆ 30. ಹಣ್ಣು, ಸೌದೆ ನಮ್ಮದೇ. ಕೂಲಿ ಹಿಡಿಯದೆ 60 ರೂಪಾಯಿಗೆ ಮುಕ್ಕಾಲು ಕಿಲೋ ಹತ್ತಿರ ಬಿಸ್ಕೆಟ್. ಮನೆಗೆ ಇದು ಲಾಭವೇ. ಮಾರಿ ಸಾಹುಕಾರ ಆಗುವ ಮಾತು ನಾನು ಹೇಳುವುದಿಲ್ಲ. ಇಬ್ಬರು ಹೆಂಗಸರ ಅರ್ಧ ದಿನ ಇದಕ್ಕೆ ಹೋಗುತ್ತದೆ. ಮಾರುವವರು ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿಕೊಳ್ಳಬೇಕು. ಶೇಂಗಾ ಕೆಲವರ ಮೈಗೆ ಒಗ್ಗುವುದಿಲ್ಲ. ತುಟಿ ಊದುತ್ತದೆ, ಉಸಿರು ಕಟ್ಟುತ್ತದೆ. ಬೇರೆಯವರ ಮಕ್ಕಳಿಗೆ ಕೊಡುವ ಮುಂಚೆ ಕೇಳಿ ಕೊಡಿ.

ಇದು ಹೊಸ ವಿದ್ಯೆ ಏನಲ್ಲ. ಅಮೆರಿಕದ ಅಲಬಾಮದಲ್ಲಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅಂತ ಒಬ್ಬರಿದ್ದರು. ಗುಲಾಮರ ಮಗನಾಗಿ ಹುಟ್ಟಿ ಕೃಷಿ ಮೇಷ್ಟ್ರಾದವರು. ಹತ್ತಿ ಬೆಳೆದು ಬೆಳೆದು ನೆಲ ಸತ್ತುಹೋಗಿದ್ದ ಬಡ ರೈತರಿಗೆ ಶೇಂಗಾ ಹಾಕಿ ಅಂದರು. 1916ರಲ್ಲಿ ಶೇಂಗಾ ಬೆಳೆಯುವುದು ಹೇಗೆ, ಅದನ್ನು 105 ಬಗೆಯಲ್ಲಿ ಅಡಿಗೆ ಮಾಡುವುದು ಹೇಗೆ ಅಂತ ಸಣ್ಣ ಪುಸ್ತಕ ಬರೆದರು. ಅದರಲ್ಲಿ ಶೇಂಗಾ ಬಿಸ್ಕೆಟ್ಟೂ ಇದೆ. ಬೆಳೆಯುವುದು, ಉಣ್ಣುವುದು ಎರಡನ್ನೂ ಒಂದೇ ಪುಸ್ತಕದಲ್ಲಿ ಇಟ್ಟದ್ದು ನನಗೆ ಹಿಡಿಸಿತು. ನಮ್ಮಲ್ಲಿ ಬೆಳೆಯೋ ಮಾತು ಗಂಡಸರದು, ಉಣ್ಣೋ ಮಾತು ಹೆಂಗಸರದು ಅಂತ ಬೇರೆ ಬೇರೆ ಮಾಡಿಬಿಟ್ಟಿದ್ದೇವೆ. ನಾನು ಕೆಟ್ಟದ್ದು ಅದರಿಂದಲೇ.

ಮೊಮ್ಮಗ ಈಗ ಶಾಲೆಗೆ ಹೋಗುತ್ತಾನೆ. ಚೀಲದಲ್ಲಿ ನಾಲ್ಕು ಬಿಸ್ಕೆಟ್ ಇರುತ್ತವೆ. ಅಂಗಡಿ ಪೊಟ್ಟಣ ಪೂರ್ತಿ ಬಿಟ್ಟಿಲ್ಲ, ಕಡಿಮೆಯಾಗಿದೆ. ಸಂಜೆ ನಾನು ಕಾಳು ಆರಿಸುವಾಗ ಪಕ್ಕದಲ್ಲಿ ಕೂತು, “ತಾತಾ, ಇದು ಕೆಟ್ಟದ್ದು” ಅಂತ ಎತ್ತಿ ಆಚೆ ಹಾಕುತ್ತಾನೆ. ಅವನ ಕಣ್ಣು ನನ್ನದಕ್ಕಿಂತ ಚುರುಕು.

ಶೇಂಗಾ ಬೆಳೆಯುವವರು ಈ ಸಲ ರಾಶಿ ಆದಾಗ ಮೊದಲ ಚೀಲ ಯಾರಿಗೆ ಅಂತ ಒಂದು ಸಲ ಯೋಚನೆ ಮಾಡಿ. ಬೇರೆ ಹಣ್ಣು, ಬೇರೆ ಕಾಳಿನಲ್ಲಿ ಮಾಡಿದವರು ಇದ್ದರೆ ಪತ್ರಿಕೆಗೆ ಬರೆಯಿರಿ. ನವಣೆ ಹಿಟ್ಟಿನಲ್ಲಿ ಇನ್ನೂ ನಮಗೆ ಸರಿಯಾಗಿ ಬಂದಿಲ್ಲ.