ಶಾಲೆಯನ್ನು ನೋಡುವ ಬಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಅವರ ಕಾಲದಲ್ಲಿ ಶಾಲೆ ಎಂಬುದು ಊರಿಗೆ ಒಂದೇ ಇತ್ತು; ಎಷ್ಟೋ ಊರುಗಳಿಗೆ ಅದೂ ಇರಲಿಲ್ಲ. ಆದ್ದರಿಂದ ಮಗುವನ್ನು ಶಾಲೆಗೆ ಸೇರಿಸಿ ನೋಡು ಎಂಬ ಮೂರನೆಯ ಮಾತನ್ನು ಕೂಡಿಸುವ ಅಗತ್ಯ ಅವರಿಗೆ ತೋರಲಿಲ್ಲ. ಇಂದು ಆ ಮಾತು ಸೇರಬೇಕಾಗಿದೆ. ಏಳನೆಯ ತರಗತಿ ಮುಗಿಸಿದ ಮಗುವಿನ ತಾಯಿತಂದೆಗಳನ್ನು ಬೇಸಗೆಯ ರಜದಲ್ಲಿ ಮಾತನಾಡಿಸಿ ನೋಡಿ. ಪ್ರೌಢಶಾಲೆ ಯಾವುದು, ಮಾಧ್ಯಮ ಯಾವುದು, ಬಸ್ಸು ಯಾವುದು, ಶುಲ್ಕ ಎಷ್ಟು ಎಂಬ ಚಿಂತೆಯಲ್ಲದೆ ಅವರಿಗೆ ಬೇರೆ ಚಿಂತೆಯೇ ಇರುವುದಿಲ್ಲ. ಆದರೆ ಆ ಶಾಲೆಯನ್ನು ಹೋಗಿ ನೋಡಿದಿರಾ ಎಂದು ಕೇಳಿದರೆ, ಕಟ್ಟಡವನ್ನು ಬಸ್ಸಿನಿಂದ ನೋಡಿದ್ದೇವೆ ಎನ್ನುವವರೇ ಹೆಚ್ಚು. ಸೀರೆ ಕೊಳ್ಳುವಾಗ ಸೆರಗು ಬಿಡಿಸಿ ನೋಡುವ ನಾವು, ಮೂರು ವರ್ಷ ಮಗುವನ್ನು ಒಪ್ಪಿಸಿಬಿಡುವ ಜಾಗವನ್ನು ಒಳಹೊಕ್ಕು ನೋಡುವುದಿಲ್ಲ. ಇದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಮ್ಮ ಸುಂಟಿಕೊಪ್ಪವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯ ಮೇಲೆ, ಕುಶಾಲನಗರಕ್ಕೂ ಮಡಿಕೇರಿಗೂ ನಡುವೆ, ಎರಡೂ ಕಡೆಗೆ ಸುಮಾರು 15 ಕಿಲೋಮೀಟರು ದೂರದಲ್ಲಿ ಇರುವ ಊರು ಇದು. ಸುತ್ತ ಕಾಫಿ ತೋಟಗಳು. ಸಾಹಿತ್ಯಪ್ರಿಯರಿಗೆ ಈ ಊರು ಕೊಡಗಿನ ಗೌರಮ್ಮನವರ ಮೂಲಕ ಪರಿಚಿತ. 1912ರಲ್ಲಿ ಹುಟ್ಟಿ 1939ರಲ್ಲಿಯೇ ತೀರಿಕೊಂಡ ಆ ಕತೆಗಾರ್ತಿಯ ಸಂಸಾರ ಇಲ್ಲಿಗೆ ಸಮೀಪದ ಗುಂಡುಕುಟ್ಟಿ ತೋಟದಲ್ಲಿತ್ತು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಆಕೆ ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಒಪ್ಪಿಸಿದ್ದು ನಮಗೆಲ್ಲ ತಿಳಿದ ಸಂಗತಿ. ಕೆದಕಲ್, ನಾಕೂರು, ಗರಗಂದೂರು, ಮಾದಾಪುರ ಮುಂತಾದ ಕಡೆಗಳ ಮಕ್ಕಳಿಗೆ ಇಂದು ಸುಂಟಿಕೊಪ್ಪವೇ ಕವಲುದಾರಿ. ಊರಿನಲ್ಲಿಯೇ ಓದಬಹುದು, ಮೇಲಕ್ಕೆ ಮಡಿಕೇರಿಗೆ ಹೋಗಬಹುದು, ಕೆಳಗೆ ಕುಶಾಲನಗರಕ್ಕೆ ಹೋಗಬಹುದು. ಪರೀಕ್ಷೆ ಬರೆದು ಗೆದ್ದವರಿಗೆ ಗಾಳಿಬೀಡಿನ ನವೋದಯ ವಿದ್ಯಾಲಯವೂ ಕೂಡಿಗೆಯ ಸೈನಿಕ ಶಾಲೆಯೂ ಉಂಟು. ಆಯ್ಕೆ ಹೆಚ್ಚಾದಂತೆ ಗೊಂದಲವೂ ಹೆಚ್ಚುವುದು ಸಹಜವೇ.

ಒಂದು ಕಾಲಕ್ಕೆ ಇಂಥ ಗೊಂದಲವಿರಲಿಲ್ಲ. ಕೊಡಗಿನಲ್ಲಿ ಹೆಚ್ಚಿನ ಓದು ಎಂದರೆ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಓದಿದ್ದು ಅಲ್ಲಿ. ಕವಿಶಿಷ್ಯರೆಂದು ಹೆಸರಾದ ಪಂಜೆ ಮಂಗೇಶರಾಯರು ಮುಖ್ಯೋಪಾಧ್ಯಾಯರಾಗಿ ಬಂದದ್ದು ಮಡಿಕೇರಿಗೆ. ಹುತ್ತರಿಯ ಹಾಡನ್ನು ಅವರು ನಮಗೆ ಕೊಟ್ಟದ್ದು ಆ ನಂಟಿನಿಂದಲೇ. ಅಂದಿನ ತಾಯಿತಂದೆಗಳ ಮುಂದಿದ್ದ ಪ್ರಶ್ನೆ ಯಾವ ಶಾಲೆ ಎಂಬುದಲ್ಲ, ಶಾಲೆಯನ್ನು ತಲಪುವುದು ಹೇಗೆ ಎಂಬುದು. ಇಂದು ತಲಪುವ ಪ್ರಶ್ನೆ ಪೂರ್ತಿ ತೀರಿಲ್ಲ. ಅದರ ಮೇಲೆ ಆರಿಸುವ ಪ್ರಶ್ನೆಯೂ ಬಂದು ಕುಳಿತಿದೆ.

ಇಂಗ್ಲೆಂಡಿನಲ್ಲಿ ಇದಕ್ಕೆ ಒಂದು ಪದ್ಧತಿಯನ್ನೇ ಮಾಡಿಕೊಂಡಿದ್ದಾರೆ. ಮಾಧ್ಯಮಿಕ ಶಾಲೆಗಳು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಕೆಲವು ದಿನ ಬಾಗಿಲು ತೆರೆದಿಟ್ಟು, ಮುಂದಿನ ವರ್ಷ ಸೇರಬಯಸುವ ಮಕ್ಕಳನ್ನೂ ಅವರ ಮನೆಯವರನ್ನೂ ಒಳಗೆ ಕರೆಯುತ್ತವೆ. ಅಕ್ಟೋಬರ್ 31ರೊಳಗೆ ಅರ್ಜಿ ಹಾಕಬೇಕು. ಮಾರ್ಚಿಯ ಮೊದಲಲ್ಲಿ ಯಾವ ಶಾಲೆ ದೊರೆಯಿತೆಂದು ತಿಳಿಯುತ್ತದೆ. ನೋಡಿ, ವಿಚಾರಮಾಡಿ, ಅನಂತರ ಆರಿಸಿ ಎಂಬ ಕ್ರಮ ಅದು. ನಮ್ಮಲ್ಲಿ ಆರಿಸುವವರಿಗೆಂದೇ ಗೊತ್ತುಮಾಡಿದ ಅಂಥ ದಿನ ಇಲ್ಲ. ಸರ್ಕಾರಿ ಶಾಲೆಗಳಲ್ಲಿ ‘ಸಮುದಾಯದತ್ತ ಶಾಲೆ’ ಎಂಬ ಒಳ್ಳೆಯ ಕಾರ್ಯಕ್ರಮವಿದೆ. ಅಂದು ಮಕ್ಕಳ ಕಲಿಕೆಯನ್ನು ಪೋಷಕರ ಮುಂದೆ ಇಡುತ್ತಾರೆ. ಆದರೆ ಅದು ಈಗಾಗಲೇ ಸೇರಿದ ಮಕ್ಕಳ ಮನೆಯವರಿಗೆ. ಉಳಿದವರಿಗೆ ಶಾಲೆಯ ಬಾಗಿಲು ತೆರೆದು ಕಾಣುವುದು ವಾರ್ಷಿಕೋತ್ಸವದ ದಿನ ಮಾತ್ರ.

ವಾರ್ಷಿಕೋತ್ಸವ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಮದುವೆಯ ಚಪ್ಪರದಲ್ಲಿ ಕುಳಿತ ಮನೆಯನ್ನು ನೋಡಿ ಆ ಮನೆಯ ನಿತ್ಯದ ಅಡಿಗೆಯನ್ನು ಊಹಿಸಲಾಗದು. ಅಂದು ಕಾಣುವ ಮಕ್ಕಳು ಚೆನ್ನಾಗಿ ಹಾಡುವವರು, ಚೆನ್ನಾಗಿ ಕುಣಿಯುವವರು. ನಮ್ಮ ಮಗು ಅವರಲ್ಲಿ ಒಂದಾಗಬಹುದು, ಆಗದೆಯೂ ಇರಬಹುದು. ಆದ್ದರಿಂದ ಹಬ್ಬದ ದಿನ ಒಮ್ಮೆ ಹೋದರೆ ಹಬ್ಬವಿಲ್ಲದ ದಿನ ಇನ್ನೊಮ್ಮೆ ಹೋಗಬೇಕು. ಮೊದಲೇ ತಿಳಿಸಿ, ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಪಾಠ ನಡೆಯುವ ವೇಳೆಯಲ್ಲಿ, ಆದಷ್ಟು ಮಧ್ಯಾಹ್ನದ ಬಿಡುವಿಗೆ ಸ್ವಲ್ಪ ಮುಂಚೆ ಹೋಗುವುದು ಒಳ್ಳೆಯದು. ಗಂಟೆ ಬಾರಿಸಿದೊಡನೆ ಮಕ್ಕಳು ಹೊರಗೆ ಬರುವ ರೀತಿ, ಉಪಾಧ್ಯಾಯರನ್ನು ಕಂಡಾಗ ಅವರ ಮುಖ ಅರಳುತ್ತದೆಯೋ ಮುದುಡುತ್ತದೆಯೋ ಎಂಬುದು, ಬಿಸಿಯೂಟಕ್ಕೆ ಎಲ್ಲರೂ ಒಟ್ಟಿಗೆ ಕುಳಿತಿದ್ದಾರೆಯೇ ಎಂಬುದು, ಇವೆಲ್ಲ ಯಾವ ಫಲಕದಲ್ಲಿಯೂ ಬರೆದಿರುವುದಿಲ್ಲ.

ಫಲಕದಲ್ಲಿ ಬರೆದಿರುವುದು ಬೇರೆ. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ ಎಂಬುದು ಅದರ ಮುಖ್ಯ ವಾಕ್ಯ. ಈ ನೂರು ಎಂಬ ಸಂಖ್ಯೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಲೆಕ್ಕಕ್ಕಾಗಿ ಹೀಗೆ ಭಾವಿಸೋಣ: ಒಂದು ಶಾಲೆಯ ಎಂಟನೆಯ ತರಗತಿಗೆ 60 ಮಕ್ಕಳು ಸೇರಿದರು. ಒಂಬತ್ತರಲ್ಲಿ ಹಿಂದುಳಿದ 12 ಮಕ್ಕಳ ಮನೆಯವರನ್ನು ಕರೆಸಿ, ‘ಇಲ್ಲಿ ಕಷ್ಟ, ಬೇರೆ ಕಡೆ ನೋಡಿ’ ಎಂದು ವರ್ಗಾವಣೆ ಪತ್ರ ಕೊಟ್ಟು ಕಳುಹಿಸಿದರು. ಉಳಿದ 48 ಮಂದಿ ಪರೀಕ್ಷೆ ಬರೆದು ಎಲ್ಲರೂ ತೇರ್ಗಡೆಯಾದರು. ಫಲಕದ ಮೇಲೆ ನೂರಕ್ಕೆ ನೂರು. ಸೇರಿದವರ ಲೆಕ್ಕದಲ್ಲಿ ನೂರಕ್ಕೆ ಎಂಬತ್ತು. ಇನ್ನೊಂದು ಶಾಲೆಯಲ್ಲಿ ಸೇರಿದ 60 ಮಂದಿಯೂ ಪರೀಕ್ಷೆಗೆ ಕುಳಿತು 51 ಮಂದಿ ತೇರ್ಗಡೆಯಾದರೆ ಅದರ ಫಲಿತಾಂಶ ನೂರಕ್ಕೆ ಎಂಬತ್ತೈದು. ಪತ್ರಿಕೆಯಲ್ಲಿ ಮೊದಲನೆಯದು ಮುಂದು, ನ್ಯಾಯದಲ್ಲಿ ಎರಡನೆಯದು. ಆದ್ದರಿಂದ ಕೇಳಬೇಕಾದ ಪ್ರಶ್ನೆ, ಎಷ್ಟು ಮಂದಿ ತೇರ್ಗಡೆಯಾದರು ಎಂಬುದಲ್ಲ; ಎಂಟಕ್ಕೆ ಸೇರಿದವರಲ್ಲಿ ಎಷ್ಟು ಮಂದಿ ಹತ್ತರ ಪರೀಕ್ಷೆಗೆ ಕುಳಿತರು ಎಂಬುದು. ಹಿಂದುಳಿದ ಮಗುವನ್ನು ಈ ಶಾಲೆ ಏನು ಮಾಡುತ್ತದೆ ಎಂಬುದಕ್ಕೆ ಉತ್ತರ ಅಲ್ಲಿ ದೊರೆಯುತ್ತದೆ.

ಇನ್ನು ಕಣ್ಣಿಗೆ ಕಾಣುವ ಸಾಕ್ಷಿಗಳು. ಗ್ರಂಥಾಲಯವಿದೆಯೇ ಎಂದು ಕೇಳಿದರೆ ಬೀರುವನ್ನು ತೋರಿಸುತ್ತಾರೆ. ಪುಸ್ತಕ ಕೊಟ್ಟ ದಿನಚರಿಯನ್ನು ತೋರಿಸಿರೆಂದು ವಿನಯದಿಂದ ಕೇಳಿ. ಕಳೆದ ತಿಂಗಳು ಯಾರ ಕೈಗೆ ಯಾವ ಪುಸ್ತಕ ಹೋಯಿತೆಂಬುದು ತಿಳಿದರೆ ಬೀರುವಿನ ಬೀಗ ತೆರೆಯುತ್ತದೆಯೋ ಇಲ್ಲವೋ ಎಂಬುದೂ ತಿಳಿಯುತ್ತದೆ. ಯಾವುದಾದರೂ ಮಗುವಿನ ಬರೆವಣಿಗೆಯ ಪುಸ್ತಕವನ್ನು ನೋಡಿ: ತಪ್ಪಿಗೆ ಕೆಂಪು ಗೆರೆ ಮಾತ್ರವಿದೆಯೋ, ಪಕ್ಕದಲ್ಲಿ ಸರಿಯಾದದ್ದನ್ನು ಬರೆದಿದ್ದಾರೆಯೋ? ಗಣಿತಕ್ಕೂ ವಿಜ್ಞಾನಕ್ಕೂ ಖಾಯಂ ಉಪಾಧ್ಯಾಯರಿದ್ದಾರೆಯೋ, ಅತಿಥಿ ಶಿಕ್ಷಕರೋ, ಅವರು ವರ್ಷದ ಆರಂಭಕ್ಕೇ ಬಂದರೋ ನಡುವೆ ಬಂದರೋ? ಕೊನೆಯದಾಗಿ ಶೌಚಾಲಯ. ಸಂಕೋಚವಿಲ್ಲದೆ ಕೇಳಬೇಕಾದ ವಿಷಯವಿದು. ಹನ್ನೆರಡು ಹದಿಮೂರು ವರ್ಷದ ಹೆಣ್ಣುಮಗು ದಿನವಿಡೀ ನೀರು ಕುಡಿಯದೆ ಕಳೆಯುವ ಶಾಲೆ, ಬೇರೆ ಯಾವ ಕೀರ್ತಿ ಪಡೆದಿದ್ದರೇನು? ಚಿಲಕವಿದೆಯೇ, ನೀರಿದೆಯೇ ಎಂದು ತಾಯಿಯಾದವಳು ತಾನೇ ಹೋಗಿ ನೋಡುವುದು ಲೇಸು.

ಭಾಷೆಯ ವಿಷಯ ಕನ್ನಡದ ಮೇಷ್ಟರಾಗಿದ್ದ ನನಗೆ ಹತ್ತಿರವಾದದ್ದು. ಆದರೂ ಪಕ್ಷಪಾತವಿಲ್ಲದೆ ಹೇಳಲು ಪ್ರಯತ್ನಿಸುತ್ತೇನೆ. ಸುಂಟಿಕೊಪ್ಪದ ಒಂದು ತರಗತಿಯಲ್ಲಿ ಕೊಡವ, ಅರೆಭಾಷೆ, ಮಲಯಾಳ, ತುಳು, ತಮಿಳು, ಯರವ ಇವುಗಳಲ್ಲಿ ಒಂದನ್ನು ಮನೆಯಲ್ಲಿ ಆಡುವ ಮಕ್ಕಳು ಒಟ್ಟಿಗೆ ಕುಳಿತಿರುತ್ತಾರೆ. ಅವರಲ್ಲಿ ಅನೇಕರಿಗೆ ಕನ್ನಡವೇ ಶಾಲೆಯಲ್ಲಿ ಕಲಿತ ಭಾಷೆ. ಏಳು ವರ್ಷ ಕನ್ನಡದಲ್ಲಿ ಲೆಕ್ಕವನ್ನೂ ವಿಜ್ಞಾನವನ್ನೂ ಕಲಿತು ಅದು ಕೈಹಿಡಿಯುವ ಹೊತ್ತಿಗೆ, ಎಂಟನೆಯ ತರಗತಿಯಲ್ಲಿ ಮಾಧ್ಯಮವನ್ನು ಥಟ್ಟನೆ ಇಂಗ್ಲಿಷಿಗೆ ಬದಲಾಯಿಸುತ್ತೇವೆ. ಕಲಿಕೆಯ ಮಾಧ್ಯಮವಾಗಿ ಮಾತೃಭಾಷೆಯನ್ನು ಸರ್ಕಾರ ಕಡ್ಡಾಯ ಮಾಡಲಾಗದೆಂದು ಸರ್ವೋಚ್ಚ ನ್ಯಾಯಾಲಯ 2014ರ ಮೇ ತಿಂಗಳಲ್ಲಿ ತೀರ್ಪಿತ್ತಿತು, ಆಯ್ಕೆ ತಾಯಿತಂದೆಗಳದು. ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಲೇಬೇಕೆಂದು ಕರ್ನಾಟಕದ 2015ರ ಕಾನೂನು ಹೇಳುತ್ತದೆ. ಆಯ್ಕೆ ನಮ್ಮದಾದ ಮೇಲೆ ಹೊಣೆಯೂ ನಮ್ಮದೇ ತಾನೆ? ಮಾಧ್ಯಮ ಬದಲಾಯಿಸುವವರು ಶಾಲೆಯಲ್ಲಿ ಒಂದು ಪ್ರಶ್ನೆ ಕೇಳಲೇಬೇಕು: ಕನ್ನಡದಿಂದ ಬಂದ ಮಗುವಿಗೆ ಮೊದಲ ಆರು ತಿಂಗಳು ನೀವೇನು ಸಹಾಯ ಮಾಡುತ್ತೀರಿ? ಈ ಪ್ರಶ್ನೆಗೆ ಸಿದ್ಧ ಉತ್ತರವಿರುವ ಶಾಲೆ, ಕಲಿಸುವ ಕೆಲಸವನ್ನು ಬಲ್ಲ ಶಾಲೆ. ‘ಮಕ್ಕಳು ತಾವೇ ಹೊಂದಿಕೊಳ್ಳುತ್ತಾರೆ’ ಎಂಬುದು ಉತ್ತರವಲ್ಲ. ಎಷ್ಟೋ ಮಕ್ಕಳು ಹೊಂದಿಕೊಳ್ಳುವುದಿಲ್ಲ, ಸುಮ್ಮನಾಗುತ್ತಾರೆ, ಅಷ್ಟೆ.

ಕೊಡಗಿನವರು ಕೇಳಬೇಕಾದ ಇನ್ನೊಂದು ಪ್ರಶ್ನೆ ದಾರಿಯದು. ಬೇಸಗೆಯಲ್ಲಿ ಶಾಲೆ ನೋಡಿ ಬಂದವರು ಆಷಾಢದ ಮಳೆಯನ್ನು ಮರೆಯುತ್ತಾರೆ. 15 ಕಿಲೋಮೀಟರು ಎಂಬುದು ಏಪ್ರಿಲಿನಲ್ಲಿ ಒಂದು ದೂರ, ಜುಲೈಯಲ್ಲಿ ಇನ್ನೊಂದು. ತೋಟದ ಒಳಗಿನ ಲೈನ್ ಮನೆಯಿಂದ ಹೆದ್ದಾರಿಗೆ ನಡೆದುಬರುವ ಮಗುವಿಗೆ ಆನೆಯ ಭಯವೂ ಉಂಟು. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಕಡೆಯ ರಸ್ತೆ ಕಡಿದುಹೋದದ್ದನ್ನು ನಾವು ಕಂಡಿದ್ದೇವೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲ. ಆದರೆ ಒಳರಸ್ತೆಗಳಲ್ಲಿ ಖಾಸಗಿ ಬಸ್ಸನ್ನೇ ನೆಚ್ಚಬೇಕಾದ ಕಡೆ ಆ ಅನುಕೂಲ ದೊರೆಯದು. ಆದ್ದರಿಂದ ಶಾಲೆ ನೋಡಲು ಹೋಗುವಾಗ ಕಾರಿನಲ್ಲಿಯೋ ಜೀಪಿನಲ್ಲಿಯೋ ಹೋಗದೆ, ಮಗು ದಿನವೂ ಹೋಗಬೇಕಾದ ಬಸ್ಸಿನಲ್ಲಿಯೇ, ಅದೇ ವೇಳೆಗೆ ಹೋಗಿ ಬರಬೇಕು. ಸಂಜೆ ಮನೆಗೆ ಬಂದಾಗ ನಮಗೆಷ್ಟು ದಣಿವಾಗಿದೆ ಎಂಬುದನ್ನು ಗಮನಿಸಿದರೆ ಮಗುವಿಗೆ ಓದಲು ಎಷ್ಟು ಕಸುವು ಉಳಿಯುತ್ತದೆಂದು ಗೊತ್ತಾಗುತ್ತದೆ.

ಶಾಲೆ ನಮ್ಮನ್ನು ಪರೀಕ್ಷಿಸುವುದೂ ಉಂಟು. ಮಗುವಿಗೆ ಪ್ರವೇಶ ಪರೀಕ್ಷೆ, ತಾಯಿತಂದೆಗಳಿಗೆ ಸಂದರ್ಶನ, ಕೈಗೆ ರಸೀದಿಯಿಲ್ಲದ ವಂತಿಗೆ. 2009ರ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಹದಿನಾಲ್ಕು ವಯಸ್ಸಿನವರಿಗೆ, ಎಂಟನೆಯ ತರಗತಿಯವರೆಗೆ ಅನ್ವಯಿಸುತ್ತದೆ. ನಮ್ಮ ರಾಜ್ಯದಲ್ಲಿ ಪ್ರೌಢಶಾಲೆ ಎಂಟರಿಂದ ಮೊದಲಾಗುವುದರಿಂದ ಅದರ ಹೊಸ್ತಿಲು ಈ ಕಾಯಿದೆಯ ಒಳಗೇ ಇದೆ. ಮಗುವನ್ನಾಗಲಿ ಹಿರಿಯರನ್ನಾಗಲಿ ಹೀಗೆ ಜರಡಿ ಹಿಡಿಯುವುದಕ್ಕೆ ಮೊದಲ ಸಲಕ್ಕೆ 25,000 ರೂಪಾಯಿವರೆಗೆ ದಂಡವನ್ನು ಕಾಯಿದೆ ಗೊತ್ತುಮಾಡಿದೆ; ವಂತಿಗೆಗೆ ಅದರ ಹತ್ತರಷ್ಟರವರೆಗೆ ದಂಡ. ನವೋದಯ, ಸೈನಿಕ ಶಾಲೆಗಳ ಮಾತು ಬೇರೆ. ಇದನ್ನು ತಿಳಿದವರು ಜಗಳ ಕಾಯಬೇಕೆಂದಿಲ್ಲ. ತಿಳಿದಿದ್ದೇವೆ ಎಂಬುದು ಎದುರಿನವರಿಗೆ ತಿಳಿದರೆ ಎಷ್ಟೋ ಸಲ ಸಾಕಾಗುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಹೋಗಿ ನೋಡಬಲ್ಲವರ ಮಾತಾಯಿತು. ಹೋಗಲಾರದವರು? ಕಾಫಿ ತೋಟದ ಕೂಲಿಗೆ ಹೋಗುವ ತಾಯಿ ಶಾಲೆ ನೋಡಲು ಹೋದರೆ ಒಂದು ದಿನದ ಕೂಲಿ ಹೋಯಿತು. ವಾರ್ಷಿಕೋತ್ಸವ ಬರುವುದು ಕಾಫಿ ಕುಯ್ಲಿನ ದಿನಗಳಲ್ಲಿ. ಅಕ್ಷರ ಬಾರದ ತಂದೆ ಶಾಲೆಯ ಜಗಲಿಯವರೆಗೆ ಬಂದು, ಕಚೇರಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಹೋಗಲು ಅಂಜಿ ನಿಲ್ಲುವುದನ್ನು ನಾವೆಲ್ಲ ಕಂಡಿದ್ದೇವೆ. ಆ ಮಕ್ಕಳ ಪಾಲಿಗೆ ಆಯ್ಕೆ ಎಂಬುದು ಇಲ್ಲವೇ ಇಲ್ಲ; ಹತ್ತಿರದ ಶಾಲೆ ಹೇಗಿದೆಯೋ ಅವರ ಭವಿಷ್ಯ ಹಾಗಿರುತ್ತದೆ. ನಾವು, ಅಂದರೆ ಓದುಬರೆಹ ಬಲ್ಲವರು, ಪ್ರಶ್ನೆ ಕೇಳಬಲ್ಲವರು, ನಮ್ಮ ಮಕ್ಕಳ ಕೈಹಿಡಿದು ದೂರದ ಶಾಲೆಗೆ ಹೊರಟುಹೋದರೆ ಊರಿನ ಶಾಲೆಯಲ್ಲಿ ಕೇಳುವವರೇ ಉಳಿಯುವುದಿಲ್ಲ. ಕೇಳುವವರಿಲ್ಲದ ಶಾಲೆ ಸೊರಗುತ್ತದೆ. ಸೊರಗಿತೆಂದು ಮತ್ತಷ್ಟು ಮಂದಿ ಬಿಡುತ್ತಾರೆ. ಆಯ್ಕೆಯ ಸ್ವಾತಂತ್ರ್ಯಕ್ಕೆ ಬೆಲೆ ಕೊಡುವವರು ಯಾರು ಎಂಬುದನ್ನು ಮರೆಯಬಾರದು.

ಆದ್ದರಿಂದ ನನ್ನ ಸಲಹೆ ಇಷ್ಟು. ಶಾಲೆಗಳನ್ನು ನೋಡಲು ಹೊರಟವರು ಊರಿನ ಶಾಲೆಯನ್ನು ಮೊದಲು ನೋಡಬೇಕು, ದೂರದ ಶಾಲೆಗೆ ಕೇಳುವ ಪ್ರಶ್ನೆಗಳನ್ನೇ ಅಲ್ಲಿಯೂ ಕೇಳಬೇಕು. ಅಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಪೋಷಕರಿಗೆ ಅದರಲ್ಲಿ ಕುರ್ಚಿಯುಂಟು. ನೆರೆಯ ಲೈನ್ ಮನೆಯ ತಾಯಿಯನ್ನೂ ಜೊತೆಗೆ ಕರೆದುಕೊಂಡು ಹೋದರೆ ಅದು ದೊಡ್ಡ ಉಪಕಾರ. ಇನ್ನು ಶಾಲೆಗಳವರು ವರ್ಷಕ್ಕೊಂದು ಭಾನುವಾರ, ಕುಯ್ಲು ಮುಗಿದ ಮೇಲೆ, ತೋಟದ ಕೂಲಿಗಿಲ್ಲದ ದಿನ, ಹಾಡುಕುಣಿತಗಳ ಅಲಂಕಾರವಿಲ್ಲದೆ ಬಾಗಿಲು ತೆರೆದಿಟ್ಟು ‘ಬನ್ನಿ, ನೋಡಿ, ಕೇಳಿ’ ಎನ್ನಬಾರದೇಕೆ? ಅದಕ್ಕೆ ಖರ್ಚೇನೂ ಇಲ್ಲ.

ಹೋಗುವಾಗ ಮಗುವನ್ನು ಬಿಟ್ಟು ಹೋಗಬೇಡಿ. ಜಪಾನಿನ ತೆತ್ಸುಕೊ ಕುರೊಯಾನಗಿ ಎಂಬ ಲೇಖಕಿ 1981ರಲ್ಲಿ ಪ್ರಕಟಿಸಿದ, ಕನ್ನಡಕ್ಕೂ ಬಂದಿರುವ ‘ತೊತ್ತೋಚಾನ್’ ಪುಸ್ತಕವನ್ನು ಓದಿದವರು ಬಲ್ಲರು: ಒಂದು ಶಾಲೆಯಿಂದ ಹೊರಹಾಕಿಸಿಕೊಂಡ ಪುಟ್ಟ ಹುಡುಗಿ ಹೊಸ ಶಾಲೆಗೆ ಬಂದ ಮೊದಲ ದಿನ, ಅಲ್ಲಿಯ ಮುಖ್ಯೋಪಾಧ್ಯಾಯ ಕೊಬಯಾಶಿ ತಾಯಿಯನ್ನು ಹೊರಗೆ ಕಳುಹಿಸಿ, ಆ ಮಗು ಹೇಳಿದ್ದನ್ನೆಲ್ಲ ನಾಲ್ಕು ಗಂಟೆಗಳ ಕಾಲ ಕೇಳಿಸಿಕೊಂಡರು. ಎಲ್ಲ ಮುಖ್ಯೋಪಾಧ್ಯಾಯರಿಗೂ ನಾಲ್ಕು ಗಂಟೆಯ ಬಿಡುವು ಇರಲಾರದು. ನಾಲ್ಕು ನಿಮಿಷ ಇದ್ದರೂ ಆದೀತು. ನಾವು ಒಳಗೆ ಹೋಗಿ ಕುಳಿತಾಗ ಅವರು ನಮ್ಮೊಡನೆ ಮಾತ್ರ ಮಾತನಾಡಿದರೋ, ಪಕ್ಕದಲ್ಲಿ ನಿಂತ ಮಗುವನ್ನೂ ‘ನಿನ್ನ ಹೆಸರೇನಪ್ಪ, ನಿನಗೇನು ಇಷ್ಟ’ ಎಂದು ಕೇಳಿ ಉತ್ತರಕ್ಕೆ ಕಾದರೋ ಎಂಬುದನ್ನು ಗಮನಿಸಿ. ಹಿಂತಿರುಗುವಾಗ ಬಸ್ಸಿನಲ್ಲಿ ಮಗುವಿನ ಅಭಿಪ್ರಾಯವನ್ನೂ ಕೇಳಿ. ಆ ಬೆಂಚಿನ ಮೇಲೆ ಮೂರು ವರ್ಷ ಕುಳಿತುಕೊಳ್ಳಬೇಕಾದದ್ದು ಅದು ತಾನೆ?