ಅಧ್ಯಾಯ 7: ಪ್ರಯೋಗಾಲಯದ ಕರೆಂಟು ಹೋಗುವುದೆಲ್ಲಿಗೆ?

ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1960ರಲ್ಲಿ. ಆಮೇಲೆ ಹೇಮಗಂಗೋತ್ರಿ ಸ್ನಾತಕೋತ್ತರ ಕೇಂದ್ರ, ಕೃಷಿ, ಪಶುವೈದ್ಯ, ವೈದ್ಯಕೀಯ ಕಾಲೇಜುಗಳು ಬಂದವು. 2023ರಲ್ಲಿ ಹಾಸನಕ್ಕೆ ತನ್ನದೇ ವಿಶ್ವವಿದ್ಯಾಲಯವೂ ಆಯಿತು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲೂ ಪದವಿ ಕಾಲೇಜುಗಳಿವೆ. ಇಂಥ ಕಡೆಗಳಲ್ಲಿ ಕರೆಂಟಿನ ಹಸಿವು ಹೆಚ್ಚಿರುವುದು ಲ್ಯಾಬ್‌ಗೆ. ಆಧುನಿಕ ಸಂಶೋಧನಾ ಪ್ರಯೋಗಾಲಯವೊಂದು ಅಷ್ಟೇ ವಿಸ್ತೀರ್ಣದ ಕಚೇರಿಗಿಂತ ಮೂರರಿಂದ ಐದು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಶಕ್ತಿ ಬಳಸುತ್ತದೆ.

ಹವೆ ನಮ್ಮ ಕಡೆಗಿದೆ

ಚಳಿದೇಶಗಳಲ್ಲಿ ಹೆಚ್ಚಿನ ಖರ್ಚು ಗಾಳಿಯದು. ಬಿಸಿ ಮಾಡಿದ ಗಾಳಿಯನ್ನು ಫ್ಯೂಮ್ ಹುಡ್ (ರಾಸಾಯನಿಕಗಳ ಹೊಗೆ ಹೀರುವ ಗೂಡು) ಹಗಲೂ ರಾತ್ರಿ ಹೊರಗೆ ತಳ್ಳುತ್ತಿರುತ್ತದೆ. ಹಾಸನ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ವರ್ಷದ ಬಹುಪಾಲು ಕಿಟಕಿ ತೆರೆದರೆ ಸಾಕು. ಹಾಗಾಗಿ ನಮ್ಮ ಉಳಿತಾಯವನ್ನು ಮೊದಲು ಹುಡುಕಬೇಕಾದದ್ದು ಮೇಜಿನ ಮೇಲಿನ ಉಪಕರಣಗಳಲ್ಲಿ.

ಬಟ್ಟಿ ಇಳಿಸಿದ ನೀರಿನ ಬೆಲೆ

25 ಡಿಗ್ರಿಯ ಒಂದು ಲೀಟರ್ ನೀರನ್ನು ಕುದಿಬಿಂದುವಿಗೆ ತರಲು ಸುಮಾರು 314 ಕಿಲೋಜೌಲ್ ಬೇಕು. ಅದನ್ನು ಪೂರ್ತಿ ಆವಿಯಾಗಿಸಲು ಇನ್ನೂ 2,257. ಎರಡೂ ಸೇರಿ 0.7 ಯೂನಿಟ್. ದಿನಕ್ಕೆ 20 ಲೀಟರ್ ಇಳಿಸಿದರೆ 14 ಯೂನಿಟ್ ಆಯಿತು. ಆವಿಯನ್ನು ತಣಿಸಲು ಹರಿದುಹೋಗುವ ನೀರು ಇದರ ಹಲವು ಪಟ್ಟು. ಗಾಜಿನ ಸಾಮಾನನ್ನು ನಲ್ಲಿ ನೀರಿನಲ್ಲಿ ತೊಳೆದು, ಕೊನೆಯ ಸಲಕ್ಕೆ ಮಾತ್ರ ಡಿಸ್ಟಿಲ್ಡ್ ವಾಟರ್ ಬಳಸಬೇಕು. ಅನೇಕ ಪ್ರಾಯೋಗಿಕ ತರಗತಿಗಳಿಗೆ ನೀರನ್ನು ಕುದಿಸದೆಯೇ ಅಯಾನುಗಳನ್ನು ತೆಗೆಯುವ ಉಪಕರಣ ಸಾಕಾಗುತ್ತದೆ.

ಓವನ್, ಫ್ಯಾನ್, ಫ್ರೀಜರ್

ಎರಡು ಬೀಕರ್ ಒಣಗಿಸಲು ಹಾಟ್ ಏರ್ ಓವನ್ ಹಾಕುವುದು ಬೇಡ. ಸ್ಟ್ಯಾಂಡಿಗೆ ಬೋರಲು ಹಾಕಿದರೆ ಬೆಳಗಾಗುವಷ್ಟರಲ್ಲಿ ಒಣಗಿರುತ್ತವೆ. ಓವನ್ ಬೇಕೇ ಆದಾಗ ಇಡೀ ಬ್ಯಾಚಿನ ಸಾಮಾನು ಒಟ್ಟಿಗೆ ಒಳಗೆ ಹೋಗಲಿ.

ಫ್ಯಾನಿನ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. ವೇಗ ನಿಯಂತ್ರಕವಿರುವ ಎಕ್ಸಾಸ್ಟ್‌ನಲ್ಲಿ ವೇಗವನ್ನು ಶೇ. 20ರಷ್ಟು ಇಳಿಸಿದರೆ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆದರೆ ಆಮ್ಲ, ದ್ರಾವಕಗಳ ಕೆಲಸ ನಡೆಯುವಾಗ ಸುರಕ್ಷತೆಗೆ ಬೇಕಾದ ಗಾಳಿಯ ಸೆಳೆತವನ್ನು ಎಂದೂ ಕಡಿಮೆ ಮಾಡಬಾರದು. ಕೆಲಸ ಮುಗಿದ ಮೇಲೆ ಹುಡ್‌ನ ಗಾಜಿನ ಬಾಗಿಲು ಕೆಳಗಿಳಿಸಿ.

ಮೈನಸ್ 80 ಡಿಗ್ರಿಯ ಫ್ರೀಜರ್ ಇರುವ ಲ್ಯಾಬ್‌ನಲ್ಲಿ, ಮಾದರಿಗಳಿಗೆ ತೊಂದರೆಯಿಲ್ಲದಿದ್ದರೆ ಮೈನಸ್ 70ಕ್ಕೆ ಇಡಬಹುದು, ಸುಮಾರು ಶೇ. 30 ವಿದ್ಯುತ್ ಉಳಿಯುತ್ತದೆ. ಹಳೆಯ ಟ್ಯೂಬ್‌ಲೈಟ್ ಚೋಕ್ ಸೇರಿ 50 ವ್ಯಾಟ್ ಎಳೆದರೆ ಎಲ್‌ಇಡಿ ಟ್ಯೂಬ್‌ಗೆ 20 ಸಾಕು. ಹಳೆಯ ಸೀಲಿಂಗ್ ಫ್ಯಾನಿಗೆ 75 ವ್ಯಾಟ್, ಬಿಎಲ್‌ಡಿಸಿ ಫ್ಯಾನಿಗೆ ಸುಮಾರು 30.

ಮೊದಲ ಹೆಜ್ಜೆ

ವಿದ್ಯುತ್ ಸರಬರಾಜು ನಿಗಮ ಸೆಸ್ಕ್‌ನ ಬಿಲ್ಲು ಇಡೀ ಕಾಲೇಜಿನ ಒಟ್ಟು ಲೆಕ್ಕ ಹೇಳುತ್ತದೆ, ಯಾವ ಲ್ಯಾಬ್ ಎಷ್ಟು ಬಳಸಿತೆಂದು ಹೇಳುವುದಿಲ್ಲ. ಪ್ರತಿ ವಿಭಾಗಕ್ಕೂ ಒಂದು ಉಪಮೀಟರ್ ಹಾಕಿಸುವುದು ದೊಡ್ಡ ಖರ್ಚಲ್ಲ. ವಿದ್ಯಾರ್ಥಿಗಳೇ, ಅಧ್ಯಾಪಕರೇ, ಈ ವಾರವೇ ಶುರುಮಾಡಿ: ಶನಿವಾರ ಬೀಗ ಹಾಕುವ ಮುನ್ನ ಮೀಟರ್ ಓದಿ ಬರೆದಿಡಿ, ಸೋಮವಾರ ಬೀಗ ತೆಗೆದೊಡನೆ ಮತ್ತೆ ಓದಿ. ಯಾರೂ ಇಲ್ಲದಾಗ ಓಡಿದ ಯೂನಿಟ್‌ಗಳಲ್ಲಿ ಫ್ರೀಜರ್, ಇನ್‌ಕ್ಯುಬೇಟರ್‌ಗಳಂಥ ಅಗತ್ಯದವನ್ನು ಕಳೆದರೆ, ಉಳಿದದ್ದೆಲ್ಲ ನೀವು ನಾಳೆಯೇ ನಿಲ್ಲಿಸಬಹುದಾದ ಪೋಲು.